ಹಂಚಿನ ಮೇಲಿನ ಮಳೆಗೂ ಗಿರಾಕಿ ಇದ್ದಾರೆ: ಮಲೆನಾಡಿನ ವಿಡಿಯೋ ತುಣುಕು ಆನ್‌ಲೈನ್‌ನಲ್ಲಿ ಮಾರಾಟವಾಗುವ ಬಗೆ

ಹಂಚಿನ ಮಾಡಿನ ಅಂಚಿನಿಂದ ಮಳೆನೀರು ಸಾಲಾಗಿ ಸುರಿಯುತ್ತಿದೆ. ಹಿಂದೆ ಅಡಿಕೆ ತೋಟದ ಕಪ್ಪು ಹಸಿರು. ಹನ್ನೆರಡು ಸೆಕೆಂಡಿನ ವಿಡಿಯೋ, ಅಷ್ಟೇ. ಜನ ಇಲ್ಲ, ಮಾತಿಲ್ಲ, ಹಾಡಿಲ್ಲ. ಇನ್‌ಸ್ಟಾಗ್ರಾಂಗೆ ಹಾಕಿದರೆ ನಾಲ್ಕು ಜನ ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ಆದರೆ ಇಂಥದ್ದೇ ತುಣುಕಿಗೆ ದುಡ್ಡು ಕೊಡುವವರೂ ಇದ್ದಾರೆ. ಮಳೆಗಾಲದ ಬಗ್ಗೆ ಡಾಕ್ಯುಮೆಂಟರಿ ಎಡಿಟ್ ಮಾಡುವವರಿಗೆ, ಟೀ ಪುಡಿಗೋ ವಿಮೆಗೋ ಜಾಹೀರಾತು ಮಾಡುವ ಏಜೆನ್ಸಿಗೆ ‘ಮಳೆ, ಹಳ್ಳಿ ಮನೆ, ಇಂಡಿಯಾ’ ಅನ್ನುವ ಒಂದು ಶಾಟ್ ಬೇಕಾಗುತ್ತದೆ. ಅದೊಂದಕ್ಕೋಸ್ಕರ ಅವರು ಕ್ಯಾಮೆರಾ ತಂಡ ಕಟ್ಟಿಕೊಂಡು ತೀರ್ಥಹಳ್ಳಿಗೆ ಬರುವುದಿಲ್ಲ. ವೆಬ್‌ಸೈಟ್ ತೆರೆದು ಹುಡುಕುತ್ತಾರೆ, ಹಿಡಿಸಿದ್ದನ್ನು ಕೊಳ್ಳುತ್ತಾರೆ. ಹೀಗೆ ಮೊದಲೇ ತೆಗೆದಿಟ್ಟು, ಬೇಕಾದವರಿಗೆ ಮಾರುವ ವಿಡಿಯೋಗೆ ಸ್ಟಾಕ್ ಫೂಟೇಜ್ ಅನ್ನುತ್ತಾರೆ.

ಶಿವಮೊಗ್ಗ, ಸಾಗರ, ಹೊಸನಗರದ ಕಡೆ ಒಳ್ಳೆ ಕ್ಯಾಮೆರಾ ಇಟ್ಟುಕೊಂಡವರಿಗೆ ಈಗೇನೂ ಬರವಿಲ್ಲ. ಮದುವೆ ವಿಡಿಯೋ ಮಾಡುವವರಿದ್ದಾರೆ, ಹೋಂಸ್ಟೇಗಳಿಗೆ ರೀಲ್ಸ್ ಮಾಡಿಕೊಡುವವರಿದ್ದಾರೆ, ಭಾನುವಾರ ಬಂತು ಅಂದ್ರೆ ಬೈಕ್ ಹತ್ತಿ ಆಗುಂಬೆ ಕಡೆ ಹೊರಡುವ ಹುಡುಗರಿದ್ದಾರೆ. ಹಾರ್ಡ್ ಡಿಸ್ಕ್ ತುಂಬಾ ಫೂಟೇಜ್ ಇರುತ್ತದೆ. ಇದನ್ನು ಎಲ್ಲಾದರೂ ಮಾರಬಹುದಾ ಅನ್ನುವ ಪ್ರಶ್ನೆಯೂ ಇರುತ್ತದೆ. ಮಾರಬಹುದು. ಆದರೆ ಈ ವ್ಯಾಪಾರದ ನಿಯಮಗಳು ಮೊದಲ ನೋಟಕ್ಕೆ ವಿಚಿತ್ರ ಅನ್ನಿಸುತ್ತವೆ. ಚೆಂದದ ಶಾಟ್ ರಿಜೆಕ್ಟ್ ಆಗುತ್ತದೆ, ಸಪ್ಪೆ ಶಾಟ್ ಪಾಸಾಗುತ್ತದೆ. ಯಾಕೆ ಅಂತ ಗೊತ್ತಾಗಬೇಕಾದರೆ ಇಲ್ಲಿ ಮಾರಾಟವಾಗುವ ಸರಕು ಏನು ಅನ್ನುವುದು ಮೊದಲು ತಿಳಿದಿರಬೇಕು.

ಮಾರುವುದು ಏನನ್ನು?

ಸ್ಟಾಕ್ ಕಂಪನಿಗೆ ನೀವು ವಿಡಿಯೋ ಕೊಟ್ಟಾಗ ಅದರ ಮಾಲೀಕತ್ವ ಹೋಗುವುದಿಲ್ಲ. ಕಾಪಿರೈಟ್ ನಿಮ್ಮದೇ. ಗಿರಾಕಿಗೆ ಸಿಗುವುದು ಅದನ್ನು ಬಳಸುವ ಲೈಸೆನ್ಸ್ ಮಾತ್ರ. ನಮ್ಮಲ್ಲಿ ಅಡಿಕೆ ತೋಟವನ್ನು ಚೇಣಿಗೆ ಕೊಡುತ್ತಾರಲ್ಲ, ಹಾಗೆ: ಫಸಲು ಅವರದು, ತೋಟ ನಮ್ಮದು. ವ್ಯತ್ಯಾಸ ಇಷ್ಟೇ, ಒಂದೇ ತುಣುಕನ್ನು ನೂರು ಜನಕ್ಕೆ ಒಟ್ಟಿಗೇ ಕೊಡಬಹುದು. ಕೊಟ್ಟಷ್ಟೂ ಸಲ ನಿಮಗೊಂದು ಪಾಲು ಬರುತ್ತದೆ. ಅದಕ್ಕೆ ರಾಯಲ್ಟಿ ಅಂತ ಹೆಸರು.

ಇಲ್ಲಿ ‘ರಾಯಲ್ಟಿ ಫ್ರೀ’ ಅನ್ನುವ ಮಾತು ಪದೇ ಪದೇ ಬರುತ್ತದೆ. ಪುಕ್ಕಟೆ ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಹಾಗಲ್ಲ. ಗಿರಾಕಿ ಒಂದು ಸಲ ದುಡ್ಡು ಕಟ್ಟಿದರೆ, ಆಮೇಲೆ ಪ್ರತಿ ಬಳಕೆಗೂ ಬೇರೆ ಬೇರೆ ಕಟ್ಟಬೇಕಾಗಿಲ್ಲ ಅಂತ ಅದರ ಅರ್ಥ. ನಿಮ್ಮ ಪಾಲು ನಿಮಗೆ ಬಂದೇ ಬರುತ್ತದೆ.

ಲೈಸೆನ್ಸ್ ಜೊತೆ ಇನ್ನೊಂದು ವಿಷಯವೂ ಗಿರಾಕಿಯ ಕೈಗೆ ಹೋಗುತ್ತದೆ: ಈ ವಿಡಿಯೋ ಬಳಸಿದ್ದಕ್ಕೆ ನಾಳೆ ಯಾರೂ ತನ್ನ ಮೇಲೆ ಕೇಸ್ ಹಾಕುವುದಿಲ್ಲ ಅನ್ನುವ ಭರವಸೆ. ಸುಮ್ನೆ ಚೆಂದದ ವಿಡಿಯೋ ಬೇಕಿದ್ದರೆ ಯೂಟ್ಯೂಬಲ್ಲಿ ರಾಶಿ ಬಿದ್ದಿದೆ. ದೊಡ್ಡ ಕಂಪನಿಗಳು ದುಡ್ಡು ಕೊಡುವುದು ಈ ಭರವಸೆಗೆ. ಮುಖ ಕಂಡರೆ ಸಹಿ ಕೇಳುವುದು, ಟೀ ಶರ್ಟ್ ಮೇಲಿನ ಲೋಗೋ ಕಂಡರೆ ವಾಪಸ್ ಕಳಿಸುವುದು, ಹಿನ್ನೆಲೆಯಲ್ಲಿ ಸಿನಿಮಾ ಹಾಡು ಕೇಳಿದರೆ ಬೇಡ ಅನ್ನುವುದು, ಇವೆಲ್ಲ ಹುಟ್ಟಿದ್ದು ಇಲ್ಲಿಂದ. ಇದೊಂದು ತಲೆಯಲ್ಲಿದ್ದರೆ ಮುಂದಿನ ಮುಕ್ಕಾಲು ಪಾಲು ನಿಯಮಗಳನ್ನು ನೀವೇ ಊಹಿಸಬಹುದು.

ಅಂಗಡಿಗಳು ಮತ್ತು ಲೆಕ್ಕ

ಹೆಸರುವಾಸಿ ಕಂಪನಿಗಳು ನಾಲ್ಕೈದಿವೆ. ಶಟರ್‌ಸ್ಟಾಕ್ 2003ರಲ್ಲಿ ಶುರುವಾಯಿತು. ಪಾಂಡ್‌5 ಹುಟ್ಟಿದ್ದೇ ವಿಡಿಯೋಗೋಸ್ಕರ, 2022ರಲ್ಲಿ ಅದನ್ನು ಶಟರ್‌ಸ್ಟಾಕ್ ಕೊಂಡಿತು. ಅಡೋಬಿ ಸ್ಟಾಕ್ ಇದೆ. ಗೆಟ್ಟಿ ಇಮೇಜಸ್ ಮತ್ತು ಅದರದೇ ಐಸ್ಟಾಕ್ ಇವೆ. ಗೆಟ್ಟಿ ಮತ್ತು ಶಟರ್‌ಸ್ಟಾಕ್ ಒಂದಾಗುವುದಾಗಿ 2025ರ ಜನವರಿಯಲ್ಲಿ ಘೋಷಿಸಿದವು. ಅಂದರೆ ಅಂಗಡಿಗಳ ಸಂಖ್ಯೆ ಕಡಿಮೆಯಾಗುತ್ತಿದೆ. ಮಾರುವವರಿಗೆ ಇದು ಅಷ್ಟೇನೂ ಒಳ್ಳೆ ಸುದ್ದಿಯಲ್ಲ.

ಬಹುತೇಕ ಕಡೆ ‘ನಾನ್ ಎಕ್ಸ್‌ಕ್ಲೂಸಿವ್’ ಆಗಿ ಸೇರಬಹುದು. ಅಂದರೆ ಒಂದೇ ತುಣುಕನ್ನು ಮೂರು ಕಡೆ ಹಾಕಬಹುದು. ‘ಎಕ್ಸ್‌ಕ್ಲೂಸಿವ್’ ಅಂದರೆ ಒಂದೇ ಕಡೆ, ಪಾಲು ಸ್ವಲ್ಪ ಜಾಸ್ತಿ. ಶುರುವಿನಲ್ಲೇ ಒಂದೇ ಅಂಗಡಿಗೆ ಕಟ್ಟಿಹಾಕಿಕೊಳ್ಳಬೇಡಿ ಅನ್ನುವುದು ನನ್ನ ಸಲಹೆ.

ಅಡೋಬಿ ಸ್ಟಾಕ್ ವಿಡಿಯೋಗೆ ಶೇಕಡಾ 35 ಕೊಡುತ್ತದೆ. ಶಟರ್‌ಸ್ಟಾಕ್‌ನಲ್ಲಿ ಹಂತಗಳಿವೆ, ಶೇಕಡಾ 15ರಿಂದ 40ರ ತನಕ. ಮಾರಾಟ ಹೆಚ್ಚಿದ ಹಾಗೆ ಮೇಲಿನ ಹಂತಕ್ಕೆ ಹೋಗುತ್ತೀರಿ. ಆದರೆ ಪ್ರತಿ ವರ್ಷ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೇ ಬರಬೇಕು. 2020ರ ಜೂನ್‌ನಲ್ಲಿ ಈ ಪದ್ಧತಿ ಬಂದಾಗ ಜಗತ್ತಿನ ಎಲ್ಲ ಕಡೆಯ ಛಾಯಾಗ್ರಾಹಕರು ಕೂಗಾಡಿದರು. ಕಂಪನಿ ಬದಲಾಯಿಸಲಿಲ್ಲ.

ಲೆಕ್ಕಕ್ಕೆ ಅಂತ, ಒಂದು ಕ್ಲಿಪ್ 80 ಡಾಲರ್‌ಗೆ ಹೋಯಿತು ಅಂದುಕೊಳ್ಳಿ. ಶೇಕಡಾ 35 ಅಂದರೆ 28 ಡಾಲರ್. ಕೊಂಡವರು ಅಮೆರಿಕದವರಾದರೆ ಅಲ್ಲೇ ಶೇಕಡಾ 15 ತೆರಿಗೆ ಹಿಡಿಯುತ್ತಾರೆ. ಕೈಗೆ 23 ಡಾಲರ್ 80 ಸೆಂಟ್. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಈಗ ತುಂಬಾ ಗಿರಾಕಿಗಳು ತಿಂಗಳ ಚಂದಾದಾರರು. ಚಂದಾ ಲೆಕ್ಕದಲ್ಲಿ ಡೌನ್‌ಲೋಡ್ ಆದಾಗ ನಿಮ್ಮ ಪಾಲು ಇದಕ್ಕಿಂತ ಎಷ್ಟೋ ಕಡಿಮೆ. ಇವತ್ತು ಹಾಕಿದ ಕ್ಲಿಪ್ ಎರಡು ವರ್ಷ ಮಲಗಿದ್ದು ಆಮೇಲೆ ಮಾರಾಟವಾಗುವುದೂ ಇದೆ, ಕೊನೆಗೂ ಮಾರಾಟವಾಗದೇ ಇರುವುದೂ ಇದೆ. ಕೈಯಲ್ಲಿರುವ ಮದುವೆ ಆರ್ಡರ್ ಬಿಟ್ಟು ಇದಕ್ಕೆ ಇಳಿಯಬೇಡಿ.

ಜೋಗ ಎಲ್ಲರ ಹತ್ತಿರ ಇದೆ

ಏನು ತೆಗೆಯಬೇಕು ಅನ್ನುವುದರಲ್ಲೇ ಜಾಣತನ ಇರುವುದು. ಇಲ್ಲಿ ಪ್ರವಾಸದ ವಿಡಿಯೋ ಮಾಡುವ ಅಭ್ಯಾಸ ಅಡ್ಡ ಬರುತ್ತದೆ. ಪ್ರವಾಸದ ವಿಡಿಯೋದಲ್ಲಿ ‘ನಾನು ಇಲ್ಲಿಗೆ ಬಂದೆ’ ಅನ್ನುವುದು ಮುಖ್ಯ. ಸ್ಟಾಕ್‌ನಲ್ಲಿ ನೀವು ಇರಲೇಬಾರದು. ನೋಡುವ ಎಡಿಟರ್ ತನ್ನ ಕಥೆಗೆ ಅದನ್ನು ಹೊಂದಿಸಿಕೊಳ್ಳಬೇಕು.

ಜೋಗ 253 ಮೀಟರ್ ಎತ್ತರದಿಂದ ರಾಜಾ, ರಾಣಿ, ರೋರರ್, ರಾಕೆಟ್ ಆಗಿ ಬೀಳುತ್ತದೆ. ಮಳೆಗಾಲದಲ್ಲಿ ಸಾವಿರಾರು ಜನ ಒಂದೇ ಕಟ್ಟೆಯ ಮೇಲೆ ನಿಂತು ಅದೇ ಕೋನದಿಂದ ತೆಗೆಯುತ್ತಾರೆ. ಸ್ಟಾಕ್ ಸೈಟ್‌ನಲ್ಲಿ ಜೋಗ ಅಂತ ಹುಡುಕಿದರೂ ಅದೇ ಶಾಟ್‌ಗಳು ಸಾಲಾಗಿ ಬರುತ್ತವೆ. ಅದರ ಜೊತೆ ನಿಮ್ಮದನ್ನೂ ಸೇರಿಸಬಹುದು, ತಪ್ಪೇನಿಲ್ಲ. ಆದರೆ ‘ಜೋಗ್ ಫಾಲ್ಸ್’ ಅಂತಲೇ ಹುಡುಕುವ ಗಿರಾಕಿಗಳು ಎಷ್ಟಿರುತ್ತಾರೆ? ‘ಮಂಜಿನಲ್ಲಿ ಮರೆಯಾಗುವ ಬೆಟ್ಟ’, ‘ರೈತನ ಕೈ’, ‘ಒಲೆಯ ಹೊಗೆ’, ‘ಒದ್ದೆ ರಸ್ತೆಯಲ್ಲಿ ಬಸ್ಸು’ ಅಂತ ಹುಡುಕುವವರು ಜಾಸ್ತಿ.

ಅಡಿಕೆ ಕೆಲಸವನ್ನೇ ತೆಗೆದುಕೊಳ್ಳಿ. ದೀಪಾವಳಿ ಕಳೆದ ಮೇಲೆ ಮಲೆನಾಡಿನ ಅಂಗಳಗಳಲ್ಲಿ ನಡೆಯುವುದು ಹೊರಗಿನವರಿಗೆ ಸಿಗುವ ದೃಶ್ಯವಲ್ಲ. ಕೊನೆಗಾರ, ಅಂದರೆ ಅಡಿಕೆ ಗೊನೆ ಕೊಯ್ಯುವವನು, ಮರ ಹತ್ತುವುದು, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ಹಿಡಿಯುವುದು, ಕೊನೆ ಹಗ್ಗದಲ್ಲಿ ಜಾರಿ ಬರುವುದು. ರಾತ್ರಿ ದೀಪದ ಕೆಳಗೆ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು. ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸುವ ಕೆಂಪು ನೀರು, ಕುದಿಯುತ್ತಾ ಹಬೆ ಏಳುವುದು, ಬೆಂದ ಅಡಿಕೆಯನ್ನು ಬಸಿದು ಚಪ್ಪರದ ಮೇಲೆ ಹರವುವುದು. ಇದರಲ್ಲಿ ಒಂದೊಂದು ಕೆಲಸಕ್ಕೂ ದೂರದ್ದೊಂದು, ನಡುವಿನದೊಂದು, ಹತ್ತಿರದ್ದೊಂದು ಅಂತ ಮೂರು ಶಾಟ್ ಇದ್ದರೆ ಎಡಿಟರ್‌ಗೆ ಒಂದು ಇಡೀ ದೃಶ್ಯವೇ ಸಿಕ್ಕ ಹಾಗೆ. ಒಂದು ಕ್ಲಿಪ್ ಹಿಡಿಸಿದವರು ಉಳಿದವನ್ನೂ ಕೊಳ್ಳುವ ಸಾಧ್ಯತೆ ಹೆಚ್ಚು.

ಹಾಗೇ ಮಳೆಗಾಲದ ಮೊದಲು ಅಡಿಕೆ ಕೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುವುದು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಗದ್ದೆಯಲ್ಲಿ ನಾಟಿ, ಕಂಬಳಿ ಕೊಪ್ಪೆ ಹೊದ್ದವರು ಬದುವಿನ ಮೇಲೆ ನಡೆಯುವುದು. ಕೃಷಿ, ಹವಾಮಾನ, ಗ್ರಾಮೀಣ ಬದುಕು ಅಂತ ಹುಡುಕುವವರಿಗೆಲ್ಲ ಇವು ಬೇಕು. ನಮಗೆ ದಿನಾ ಕಾಣುವುದರಿಂದ ಕ್ಯಾಮೆರಾ ಹೊರಗೆ ಬರುವುದೇ ಇಲ್ಲ.

ಮುಂದೆ ಸಿಗದೇ ಹೋಗುವ ದೃಶ್ಯಕ್ಕೂ ಬೆಲೆ ಇದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿಗೆ ಕಟ್ಟಿದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೂ ಮೊದಲು ಸಿಗಂದೂರಿಗೆ ಹೋಗುವವರು ಬಸ್ಸು, ಕಾರಿನ ಸಮೇತ ಲಾಂಚ್ ಹತ್ತಿ ದಾಟುತ್ತಿದ್ದರು. ಆ ದಿನಗಳಲ್ಲಿ ಸುಮ್ನೆ ತೆಗೆದಿಟ್ಟ ಲಾಂಚ್ ವಿಡಿಯೋ ನಿಮ್ಮ ಹತ್ತಿರ ಇದ್ದರೆ ಮೊದಲು ಅದನ್ನು ಹುಡುಕಿ ತೆಗೆಯಿರಿ. ಅಂಥ ದೃಶ್ಯ ಇನ್ನು ಹೊಸದಾಗಿ ಸಿಗುವುದು ಕಷ್ಟ.

ತೆಗೆಯುವಾಗ

ಒಂದು ಕ್ಲಿಪ್ 5ರಿಂದ 60 ಸೆಕೆಂಡ್ ಒಳಗಿರಬೇಕು ಅನ್ನುವುದು ಶಟರ್‌ಸ್ಟಾಕ್, ಅಡೋಬಿ ಎರಡರ ನಿಯಮ. ಹತ್ತರಿಂದ ಇಪ್ಪತ್ತು ಸೆಕೆಂಡ್ ಸಾಕು. ಒಂದು ಕ್ಲಿಪ್‌ನಲ್ಲಿ ಒಂದೇ ಶಾಟ್. ನಡುವೆ ಕಟ್ ಬೇಡ, ಮ್ಯೂಸಿಕ್ ಬೇಡ, ಹೆಸರು ಬರೆಯುವುದು ಬೇಡ, ನಿಮ್ಮ ಸ್ಟುಡಿಯೋ ವಾಟರ್‌ಮಾರ್ಕ್ ಅಂತೂ ಬೇಡವೇ ಬೇಡ. ಟ್ರೈಪಾಡ್ ಇಟ್ಟು ಅಲ್ಲಾಡದೆ ತೆಗೆದ ಶಾಟ್ ರೀಲ್ಸ್‌ನಲ್ಲಿ ಬೋರ್ ಹೊಡೆಯಬಹುದು, ಆದರೆ ಎಡಿಟರ್‌ಗೆ ಅದೇ ಬೇಕು. ಕ್ಯಾಮೆರಾ ತಿರುಗಿಸುವುದಾದರೆ ಶುರುವಿನಲ್ಲೂ ಕೊನೆಯಲ್ಲೂ ಮೂರ್ನಾಲ್ಕು ಸೆಕೆಂಡ್ ನಿಲ್ಲಿಸಿ. ಬಣ್ಣ ಹೆಚ್ಚು ತಿದ್ದಬೇಡಿ. ಮಲೆನಾಡಿನ ಹಸಿರಿಗೆ ಮೇಲಿಂದ ಇನ್ನಷ್ಟು ಹಸಿರು ಬಳಿಯುವ ಚಟ ನಮ್ಮವರಲ್ಲಿ ಬಹಳ.

4ಕೆ ಅಂದರೆ 3840 ಬೈ 2160 ಪಿಕ್ಸೆಲ್. ಆಗುವುದಾದರೆ ಅದರಲ್ಲೇ ತೆಗೆಯಿರಿ. ನಮ್ಮ ವಿದ್ಯುತ್ 50 ಹರ್ಟ್ಸ್‌ದು. ಹಾಗಾಗಿ ರಾತ್ರಿ ಅಡಿಕೆ ಸುಲಿಯುವ ಕಡೆ ಟ್ಯೂಬ್‌ಲೈಟ್‌ ಅಥವಾ ಎಲ್‌ಇಡಿ ಬಲ್ಬಿನ ಕೆಳಗೆ 1/60 ಶಟರ್‌ನಲ್ಲಿ ತೆಗೆದರೆ ಚಿತ್ರದಲ್ಲಿ ಬೆಳಕು ಮಿಣುಕುವ ಅಪಾಯ ಇದೆ. ಸೆಕೆಂಡಿಗೆ 25 ಫ್ರೇಮ್, 1/50 ಶಟರ್ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಮಳೆ ತೆಗೆಯುವುದು ಅಂದುಕೊಂಡಷ್ಟು ಸುಲಭ ಅಲ್ಲ. ಕಣ್ಣಿಗೆ ಧೋ ಅಂತ ಸುರಿಯುವ ಮಳೆ ಕ್ಯಾಮೆರಾದಲ್ಲಿ ಕಾಣುವುದೇ ಇಲ್ಲ, ಬರೀ ಬೂದು ಬಣ್ಣ. ಹನಿ ಕಾಣಬೇಕಾದರೆ ಹಿಂದೆ ಕಪ್ಪು ಹಿನ್ನೆಲೆ ಬೇಕು, ಬೆಳಕು ಮಳೆಯ ಆಚೆ ಕಡೆಯಿಂದಲೋ ಪಕ್ಕದಿಂದಲೋ ಬರಬೇಕು. ದಟ್ಟ ತೋಟ, ಹಳೆ ಮನೆಯ ಕತ್ತಲೆ ಜಗುಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ. 1/50 ಶಟರ್‌ನಲ್ಲಿ ಮಳೆ ಗೆರೆ ಗೆರೆಯಾಗಿ ಕಾಣುತ್ತದೆ, 1/500ಕ್ಕೆ ಹೋದರೆ ಹನಿ ಹನಿಯಾಗಿ. ಎರಡನ್ನೂ ತೆಗೆದಿಡಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅಲ್ಲಿಗೆ ಹೋಗುವಾಗ ಕಾರಿನ ಎಸಿ ಆರಿಸಿ, ಕ್ಯಾಮೆರಾ ಹೊರಗಿನ ಗಾಳಿಗೆ ಹೊಂದಿಕೊಂಡ ಮೇಲೆ ಬ್ಯಾಗ್ ತೆರೆಯಿರಿ. ಇಲ್ಲದಿದ್ದರೆ ಲೆನ್ಸ್ ಮೇಲೆ ಹಬೆ ಕೂತು ಅರ್ಧ ಗಂಟೆ ಒರೆಸುವುದೇ ಕೆಲಸ.

ಜಲಪಾತ, ಮಂಜು ಎರಡೂ ಫೈಲ್‌ಗೆ ಶತ್ರುಗಳು. ಪ್ರತಿ ಫ್ರೇಮ್‌ನಲ್ಲೂ ನೊರೆ ಬೇರೆ, ತುಂತುರು ಬೇರೆ. ಕಡಿಮೆ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಕಡಿಮೆ ಡೇಟಾ ಉಳಿಸುವ ಹಾಗೆ, ರೆಕಾರ್ಡ್ ಮಾಡಿದರೆ ಅಷ್ಟೊಂದು ವಿವರ ಹಿಡಿಸುವುದಿಲ್ಲ, ನೀರು ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಸ್ಟಾಕ್ ಕಂಪನಿಯಲ್ಲಿ ಪರೀಕ್ಷೆ ಮಾಡುವವರು ಪೂರ್ತಿ ಗಾತ್ರದಲ್ಲಿ ನೋಡಿದರೆ ತಕ್ಷಣ ರಿಜೆಕ್ಟ್. ಕ್ಯಾಮೆರಾದಲ್ಲಿ ಇರುವ ಅತಿ ಹೆಚ್ಚಿನ ಬಿಟ್‌ರೇಟ್ ಆರಿಸಿಕೊಳ್ಳಿ, ಮೂಲ ಫೈಲನ್ನೇ ಬಳಸಿ. ವಾಟ್ಸಾಪ್‌ನಲ್ಲಿ ಬಂದದ್ದು ಇದಕ್ಕೆ ಉಪಯೋಗವಿಲ್ಲ.

ಮುಖ ಕಂಡರೆ ಸಹಿ

ಜಾಹೀರಾತಿಗೆ ಬಳಸಬಹುದಾದ ವಿಡಿಯೋಗೆ ಕಮರ್ಷಿಯಲ್ ಅನ್ನುತ್ತಾರೆ. ಅದರಲ್ಲಿ ಗುರುತು ಸಿಗುವ ಪ್ರತಿಯೊಬ್ಬರಿಂದಲೂ ಮಾಡೆಲ್ ರಿಲೀಸ್ ಬೇಕು. ಇದೊಂದು ಒಪ್ಪಿಗೆ ಪತ್ರ. ಹೆಸರು, ವಿಳಾಸ, ತಾರೀಕು, ಸಹಿ, ಸಾಕ್ಷಿಯ ಸಹಿ. ಮಕ್ಕಳಾದರೆ ಅಪ್ಪ ಅಮ್ಮನ ಸಹಿ. ಮುಖ ಕಾಣದಿದ್ದರೂ ಹಚ್ಚೆ, ಬಟ್ಟೆ, ಜಾಗದಿಂದ ಗುರುತು ಸಿಕ್ಕರೆ ಕೇಳಬಹುದು. ಬರೀ ಕೈ ಕಾಣುವ ಶಾಟ್‌ಗಳು ಸ್ಟಾಕ್‌ನಲ್ಲಿ ಅಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣ.

ಫಾರಂ ಇಂಗ್ಲಿಷಿನಲ್ಲಿರುತ್ತದೆ. ಅಡಿಕೆ ಸುಲಿಯುತ್ತಾ ಕೂತವರ ಮುಂದೆ ಅದನ್ನು ಚಾಚಿ ‘ಇಲ್ಲೊಂದು ಸೈನ್ ಮಾಡಿ ಅಕ್ಕಾ’ ಅಂದರೆ ಮಾಡಿಬಿಡುತ್ತಾರೆ, ಪರಿಚಯದವರು ಅಂತ. ಅದು ಸರಿಯಲ್ಲ. ‘ಇದು ಟೀವೀಲಿ ಬತ್ತದಾ ತಮ್ಮಾ?’ ಅಂತ ಅವರು ಕೇಳಿದರೆ ನಿಜ ಹೇಳಬೇಕು: ಎಲ್ಲಿ ಬರುತ್ತೆ ಅಂತ ನನಗೂ ಗೊತ್ತಿಲ್ಲ, ಯಾವ ದೇಶದವರು ಬೇಕಾದರೂ ಕೊಳ್ಳಬಹುದು, ಕೊಂಡ ಮೇಲೆ ಬೇಡ ಅನ್ನೋಕೆ ಆಗಲ್ಲ.

ಅಡಿಕೆ ವಿಷಯದಲ್ಲಂತೂ ಇದನ್ನು ಬಿಡಿಸಿಯೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಬಾಯಿ ಕ್ಯಾನ್ಸರ್ ಬಗ್ಗೆ ವಿಡಿಯೋ ಮಾಡುವವರೂ ಅಡಿಕೆಯ ಶಾಟ್ ಹುಡುಕುತ್ತಾರೆ. ಕಾಯಿಲೆಯಂಥ ಸೂಕ್ಷ್ಮ ವಿಷಯಕ್ಕೆ ಜನರ ಮುಖ ಬಳಸುವುದನ್ನು ಲೈಸೆನ್ಸ್ ನಿಯಮಗಳು ಸಾಕಷ್ಟು ಕಟ್ಟುಮಾಡಿವೆ, ನಿಜ. ಆದರೂ ಪಕ್ಕದ ಮನೆಯ ಅಕ್ಕನ ಮುಖ ಅಂಥ ವಿಡಿಯೋದಲ್ಲಿ ಬಂದರೆ ಅವರಿಗೆ ಹೇಗಾದೀತು? ನನ್ನನ್ನು ಕೇಳಿದರೆ ಅಡಿಕೆ ಕೆಲಸದಲ್ಲಿ ಕೈ, ಕತ್ತಿ, ಹಬೆ ಇಷ್ಟನ್ನೇ ತೆಗೆದು ಮುಖ ಬಿಟ್ಟುಬಿಡುವುದು ಲೇಸು. ಮುಖ ಬೇಕೇ ಬೇಕು ಅಂದರೆ ಪೂರ್ತಿ ವಿವರಿಸಿ, ಒಂದು ದಿನದ ಕೂಲಿಯಷ್ಟಾದರೂ ಕೊಟ್ಟು, ಆಮೇಲೆ ಸಹಿ ತೆಗೆದುಕೊಳ್ಳಿ.

ಮನೆ, ಹೋಂಸ್ಟೇ, ಖಾಸಗಿ ಎಸ್ಟೇಟ್ ಗುರುತು ಸಿಗುವ ಹಾಗಿದ್ದರೆ ಮಾಲೀಕರ ಪ್ರಾಪರ್ಟಿ ರಿಲೀಸ್ ಬೇಕಾಗಬಹುದು. ಲೋಗೋಗಳ ಕಾಟ ಬೇರೆ. ನೀರಿನ ಟ್ಯಾಂಕ್, ಟ್ರ್ಯಾಕ್ಟರ್, ಗೊಬ್ಬರದ ಚೀಲ, ಚಪ್ಪಲಿ, ಎಲ್ಲದರ ಮೇಲೂ ಕಂಪನಿ ಹೆಸರು. ಶುರು ಮಾಡುವ ಮುಂಚೆ ಅಂಗಳವನ್ನೊಮ್ಮೆ ಕಣ್ಣಾಡಿಸಿ, ಚೀಲ ತಿರುಗಿಸಿಡಿ, ಟ್ಯಾಂಕ್ ಮೇಲೆ ಗೋಣಿ ಹಾಕಿ. ಆಮೇಲೆ ಕಂಪ್ಯೂಟರ್‌ನಲ್ಲಿ ಒಂದೊಂದೇ ಅಳಿಸುತ್ತಾ ಕೂರುವುದಕ್ಕಿಂತ ಇದು ಸುಲಭ.

ಸಹಿ ತೆಗೆದುಕೊಳ್ಳಲು ಆಗದ ಜಾಗಗಳಿವೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಮಾರಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಷ್ಟು ಜನರ ಸಹಿ ಎಲ್ಲಿಂದ ತರುತ್ತೀರಿ? ಇಂಥದ್ದಕ್ಕೆ ಎಡಿಟೋರಿಯಲ್ ಅನ್ನುವ ವಿಭಾಗ ಇದೆ. ಸುದ್ದಿ, ಡಾಕ್ಯುಮೆಂಟರಿ, ಪಾಠದ ವಿಡಿಯೋಗಳಿಗೆ ಮಾತ್ರ ಬಳಸಬಹುದು, ಜಾಹೀರಾತಿಗೆ ಇಲ್ಲ. ರಿಲೀಸ್ ಬೇಕಾಗಿಲ್ಲ, ಆದರೆ ಪ್ರಾಮಾಣಿಕವಾಗಿರಬೇಕು. ಯಾರನ್ನೂ ಹೇಳಿ ನಿಲ್ಲಿಸಿ ತೆಗೆಯಬಾರದು, ಏನನ್ನೂ ಅಳಿಸಬಾರದು, ವಿವರಣೆಯಲ್ಲಿ ಊರು, ತಾರೀಕು, ನಡೆದದ್ದೇನು ಅನ್ನುವುದು ಸರಿಯಾಗಿ ಇರಬೇಕು. ಗಿರಾಕಿಗಳು ಕಡಿಮೆ, ಪೈಪೋಟಿಯೂ ಕಡಿಮೆ.

ಡ್ರೋನ್ ಮತ್ತು ಕಾಡು

ಮೇಲಿಂದ ತೆಗೆದ ಶಾಟ್‌ಗೆ ಬೇಡಿಕೆ ಇದೆ, ಹಾಗಂತ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕೆಜಿ ತನಕ ಮೈಕ್ರೋ. ಮೈಕ್ರೋ ಡ್ರೋನನ್ನು ಖುಷಿಗೆ ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಕಡ್ಡಾಯವಲ್ಲ. ಆದರೆ ಮಾರುವುದಕ್ಕೆ ಅಂತ ತೆಗೆದ ಕೂಡಲೇ ಅದು ವಾಣಿಜ್ಯ ಬಳಕೆ, ಆಗ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ನೋಡಿಕೊಳ್ಳಿ. ಹಸಿರು ವಲಯದಲ್ಲಿ ಸಾಮಾನ್ಯವಾಗಿ ಮಿತಿ 400 ಅಡಿ. ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ನೆಲದಿಂದಲೇ ನಿರ್ಬಂಧ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 2023ರ ಫೆಬ್ರವರಿ 27ರಂದು ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಶಿವಮೊಗ್ಗ ಸುತ್ತಮುತ್ತಲಿನವರಿಗೆ ಈ ಲೆಕ್ಕ ಬದಲಾಗಿದೆ.

ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಧಾಮದಲ್ಲಿ. ಶರಾವತಿ ಕಣಿವೆ, ಶೆಟ್ಟಿಹಳ್ಳಿ, ಸೋಮೇಶ್ವರ ಇವೂ ಅಭಯಾರಣ್ಯಗಳೇ. ಒಳಗೆ ಹೋಗಿ ತೆಗೆಯಬೇಕಾದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರದಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲೂ ಟ್ರೈಪಾಡ್ ಇಟ್ಟು ವಾಣಿಜ್ಯ ಚಿತ್ರೀಕರಣ ಮಾಡಲು ಅನುಮತಿ ತೆಗೆದುಕೊಳ್ಳಬೇಕು. ಅಣೆಕಟ್ಟಿನ ಹತ್ತಿರ ಕ್ಯಾಮೆರಾ ತೆಗೆಯದಿರುವುದೇ ಒಳ್ಳೆಯದು.

ಹುಡುಕಿದರೆ ಸಿಗಬೇಕು

ಅಪ್‌ಲೋಡ್ ಆದ ಮೇಲೆ ಶೀರ್ಷಿಕೆ ಮತ್ತು ಕೀವರ್ಡ್ ಬರೆಯಬೇಕು, ಇಂಗ್ಲಿಷಿನಲ್ಲಿ. ಶಟರ್‌ಸ್ಟಾಕ್ 50, ಅಡೋಬಿ 49 ಕೀವರ್ಡ್ ತನಕ ಬಿಡುತ್ತದೆ. ಅಷ್ಟನ್ನೂ ತುಂಬಿಸಬೇಕು ಅಂತ ಇಲ್ಲ. ಕೊನೆಗಾರ ಅಂತ ಬರೆದರೆ ಲಂಡನ್ನಿನ ಎಡಿಟರ್‌ಗೆ ಸಿಗುವುದಿಲ್ಲ. ಅವನು ಹುಡುಕುವುದು ‘ಫಾರ್ಮರ್’, ‘ಕ್ಲೈಂಬಿಂಗ್’, ‘ಪಾಮ್ ಟ್ರೀ’, ‘ಹಾರ್ವೆಸ್ಟ್’ ಅಂತ. ಮೊದಲು ಕಾಣುವ ವಸ್ತು, ಆಮೇಲೆ ಕ್ರಿಯೆ, ಆಮೇಲೆ ಜಾಗ, ಕೊನೆಗೆ ಭಾವ. ಅಡಿಕೆಗೆ ‘ಅರೆಕಾ ನಟ್’, ‘ಬೀಟಲ್ ನಟ್’ ಎರಡೂ ಹಾಕಿ. ಊರಿನ ಹೆಸರು 2014ರ ನವೆಂಬರ್ 1ರಿಂದ ಶಿವಮೊಗ್ಗ ಆಗಿದ್ದರೂ ಹೊರಗಿನವರು ಈಗಲೂ ಶಿಮೊಗಾ ಅಂತಲೇ ಹುಡುಕುತ್ತಾರೆ, ಹಾಗಾಗಿ ಅದೂ ಇರಲಿ. ಚಿತ್ರದಲ್ಲಿ ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ಆನೆ ಇಲ್ಲದ ಶಾಟ್‌ಗೆ ಸಕ್ರೆಬೈಲು ಆನೆ ಅಂತ ಬರೆದರೆ ಖಾತೆಯೇ ತೊಂದರೆಗೆ ಸಿಕ್ಕೀತು.

ಫೈಲ್ ಕಳಿಸುವುದು ಹಳ್ಳಿಯಲ್ಲಿರುವವರಿಗೆ ದೊಡ್ಡ ತಲೆನೋವು. 100 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ, ತೆಗೆದ 15 ಸೆಕೆಂಡಿನ ಕ್ಲಿಪ್ ಸುಮಾರು 187 ಎಂಬಿ. ಇಪ್ಪತ್ತು ಕ್ಲಿಪ್ ಅಂದರೆ ಮೂರೂಮುಕ್ಕಾಲು ಜಿಬಿ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಮಲಗಿದರೆ ಅದು ಆಗದ ಮಾತು. ಪೇಟೆಗೆ ಬಂದಾಗ ಒಳ್ಳೆ ಲೈನ್ ಇರುವ ಕಡೆ ಕೂತು ಕಳಿಸುವುದೇ ವಾಸಿ.

ದುಡ್ಡಿನ ಕಾಗದಗಳು

ಅಮೆರಿಕದ ಕಂಪನಿಗಳಿಗೆ ಡಬ್ಲ್ಯೂ-8ಬಿಇಎನ್ ಅನ್ನುವ ಫಾರಂ ತುಂಬಬೇಕು. ಭಾರತ ಮತ್ತು ಅಮೆರಿಕ ನಡುವೆ ತೆರಿಗೆ ಒಪ್ಪಂದ ಇರುವುದರಿಂದ ರಾಯಲ್ಟಿಗೆ ಶೇಕಡಾ 15 ಹಿಡಿಯುತ್ತಾರೆ, ಅದೂ ಅಮೆರಿಕದ ಗಿರಾಕಿಗಳಿಂದ ಬಂದ ಭಾಗಕ್ಕೆ ಮಾತ್ರ. ಫಾರಂ ತುಂಬದಿದ್ದರೆ ಶೇಕಡಾ 30 ಹೋಗುತ್ತದೆ. ಅದರಲ್ಲಿ ಪ್ಯಾನ್ ನಂಬರ್ ಕೊಟ್ಟರೆ ಸಾಕು. ಹಣ ಪೇಪಾಲ್, ಪೇಯೋನೀರ್ ಮೂಲಕ ಬ್ಯಾಂಕಿಗೆ ಬರುತ್ತದೆ. ಅಡೋಬಿಯಲ್ಲಿ 25 ಡಾಲರ್ ಸೇರುವ ತನಕ ಕೇಳುವಂತಿಲ್ಲ. ಇಲ್ಲಿ ಆದಾಯ ತೆರಿಗೆ ರಿಟರ್ನ್‌ನಲ್ಲಿ ಇದನ್ನು ತೋರಿಸಲೇಬೇಕು. ಅಲ್ಲಿ ಹಿಡಿದ ತೆರಿಗೆಗೆ ಇಲ್ಲಿ ವಿನಾಯಿತಿ ಕೇಳಲು ಅವಕಾಶ ಇದೆ, ಆಡಿಟರ್‌ಗೆ ಮೊದಲೇ ಹೇಳಿ.

ಎಐ ಬಗ್ಗೆ ಒಂದು ಮಾತು. ಅಡೋಬಿ 2023ರಲ್ಲಿ ತಂದ ಫೈರ್‌ಫ್ಲೈ ಅನ್ನುವ ಎಐ ಕಲಿತದ್ದು ಮುಖ್ಯವಾಗಿ ಅಡೋಬಿ ಸ್ಟಾಕ್‌ನ ಚಿತ್ರಗಳಿಂದ. ಶಟರ್‌ಸ್ಟಾಕ್ ಕೂಡ ಎಐ ಕಂಪನಿಗಳಿಗೆ ಚಿತ್ರ, ವಿಡಿಯೋಗಳ ರಾಶಿ ಕೊಡುತ್ತದೆ, ಅದರಲ್ಲಿ ಒಂದು ಪಾಲನ್ನು ಕೊಟ್ಟವರಿಗೆ ಹಂಚುತ್ತದೆ. ಬೇಡ ಅನ್ನುವವರು ಶಟರ್‌ಸ್ಟಾಕ್ ಖಾತೆಯ ಸೆಟ್ಟಿಂಗ್‌ನಲ್ಲಿ ಹೊರಗುಳಿಯಬಹುದು. ಯಾರದೋ ಬೆಟ್ಟ, ಎಲ್ಲಿಯದೋ ಮೋಡ ಇಂಥದ್ದನ್ನೆಲ್ಲ ಇನ್ನು ಯಂತ್ರವೇ ಮಾಡಿಕೊಡುತ್ತದೆ. ಇಂಥ ಊರಲ್ಲಿ ಇಂಥ ದಿನ ನಡೆದ ಜಾತ್ರೆ ಅನ್ನುವುದನ್ನು ಅದು ಮಾಡಿಕೊಡಲಾರದು. ಎಡಿಟೋರಿಯಲ್ ಕಡೆಗೆ ಸ್ವಲ್ಪ ಹೆಚ್ಚು ಗಮನ ಕೊಡಿ ಅನ್ನುವುದಕ್ಕೆ ಇದೇ ಕಾರಣ.

ಇನ್ನು ಮದುವೆ, ರೆಸಾರ್ಟ್ ಕೆಲಸ ಮಾಡುವವರಿಗೆ. ಹಾರ್ಡ್ ಡಿಸ್ಕ್‌ನಲ್ಲಿರುವುದೆಲ್ಲ ನೀವೇ ತೆಗೆದದ್ದು ಹೌದು. ಆದರೆ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ಹೇಳಿ ಮಾಡಿಸಿದ ಚಿತ್ರ, ವಿಡಿಯೋಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಅವರೇ ಮೊದಲ ಮಾಲೀಕರು. ಹೋಂಸ್ಟೇಯವರು ದುಡ್ಡು ಕೊಟ್ಟು ಮಾಡಿಸಿದ ಡ್ರೋನ್ ಶಾಟನ್ನು ಅವರನ್ನು ಕೇಳದೆ ಸ್ಟಾಕ್‌ಗೆ ಹಾಕುವಂತಿಲ್ಲ. ಹಳೆಯದಕ್ಕೆ ಫೋನ್ ಮಾಡಿ ಕೇಳಿ, ಒಪ್ಪಿದರೆ ಬರಹದಲ್ಲಿ ತೆಗೆದುಕೊಳ್ಳಿ. ಮುಂದಿನ ಆರ್ಡರ್‌ಗೆ ಕೊಟೇಶನ್ ಬರೆಯುವಾಗಲೇ ಒಂದು ಸಾಲು ಸೇರಿಸಿ: ಜನರಾಗಲೀ ನಿಮ್ಮ ಕಟ್ಟಡವಾಗಲೀ ಕಾಣದ ಪ್ರಕೃತಿ ದೃಶ್ಯಗಳ ಹಕ್ಕು ನಮ್ಮದು, ಅವನ್ನು ಬೇರೆಯವರಿಗೂ ಲೈಸೆನ್ಸ್ ಕೊಡಬಹುದು. ಕೆಳಗೆ ಇಬ್ಬರ ಸಹಿ, ತಾರೀಕು.